ಶಾಸಕರ ಪಾಡ್‌ಕಾಸ್ಟ್, ಬ್ಲಾಗು: ಇದು ನಮ್ಮ ಜೊತೆ ಮಾತುಕತೆನಾ, ಕೂತು ಮಾಡೋ ಭಾಷಣನಾ?

ಕಿಟ್ಟಿ_ಮೈಸೂರು
ಎಲ್ಲರಿಗೂ ನಮಸ್ಕಾರ. ನಮ್ಮ ಕ್ಷೇತ್ರದ ಶಾಸಕರು (ಹೆಸರು ಬೇಡ, ಪಕ್ಷ ಅಂತೂ ಬೇಡವೇ ಬೇಡ) ಪಾಡ್‌ಕಾಸ್ಟ್ ಶುರು ಮಾಡಿದ್ದಾರೆ. ಜೊತೆಗೊಂದು ಬ್ಲಾಗೂ ಇದೆ. "ನಿಮ್ಮ ಪ್ರಶ್ನೆ ಕಳಿಸಿ, ನಾನೇ ಉತ್ತರ ಕೊಡುತ್ತೇನೆ" ಅಂತ ವಾಟ್ಸ್‌ಆಪ್ ಗ್ರೂಪುಗಳಲ್ಲೆಲ್ಲ ಪೋಸ್ಟರ್ ಓಡಾಡಿತು. ನಾನೂ ಕಳಿಸಿದೆ. ಮಳೆ ಬಂದಾಗಲೆಲ್ಲ ನಮ್ಮ ರಸ್ತೆಯ ಮ್ಯಾನ್‌ಹೋಲ್ ಉಕ್ಕುತ್ತದೆ, ಯುಜಿಡಿ (ಒಳಚರಂಡಿ) ಪೈಪು ಬದಲಾಯಿಸೋದು ಯಾವಾಗ ಅಂತ ಎರಡೇ ಸಾಲು.

ಸಂಚಿಕೆ ಬಂತು. ಒಂದೂವರೆ ಗಂಟೆ. ಚಿಕ್ಕಂದಿನಲ್ಲಿ ನಾಲೆಯಲ್ಲಿ ಈಜಿದ್ದು, ಕಾಲೇಜು ಎಲೆಕ್ಷನ್ ಗೆದ್ದದ್ದು, ಮೊದಲ ಸಲ ಟಿಕೆಟ್ ಕೈತಪ್ಪಿದ್ದು, ಅವರ ತಾಯಿ ಮಾಡುತ್ತಿದ್ದ ಉಪ್ಸಾರು, ಎಲ್ಲ ಇತ್ತು. ಯುಜಿಡಿ ಇರಲಿಲ್ಲ. ನಡುವೆ ಒಂದು ಕಡೆ "ಮೂಲಸೌಕರ್ಯಕ್ಕೆ ಒತ್ತು ಕೊಟ್ಟಿದ್ದೇವೆ" ಅಂದರು. ಅದೇ ನನಗೆ ಬಂದ ಉತ್ತರ ಅಂದುಕೊಳ್ಳಬೇಕೇನೋ.

ಬೈಯೋಕೆ ಮನಸ್ಸಿಲ್ಲ. ಕೇಳೋಕೆ ಚೆನ್ನಾಗಿಯೇ ಇತ್ತು. ಮನುಷ್ಯ ಒಳ್ಳೆಯವನು ಅನ್ನಿಸಿತು. ಅದೇ ನನಗೆ ಅನುಮಾನ. ಇಂಥದ್ದರಿಂದ ವೋಟು ಹಾಕೋರಿಗೆ ಏನಾದರೂ ಸಿಗುತ್ತಾ, ಇಲ್ಲ ವೋಟು ಕೇಳೋರಿಗೆ ಮಾತ್ರ ಸಿಗುತ್ತಾ?

ಉಪ್ಸಾರು_ಮುದ್ದೆ
ತಾಯಿ ಮಾಡಿದ ಉಪ್ಸಾರು ಅಂದರೆ ನನ್ನ ವೋಟು ಹೋಯ್ತು ಅಂತಲೇ ಲೆಕ್ಕ ಸಾರ್.

ಸಂತೆಪೇಟೆ_ಸೀನ
ಇದೇನು ನಮ್ಮೂರಲ್ಲಿ ಹುಟ್ಟಿದ ಖಾಯಿಲೆ ಅಲ್ಲ ಕಿಟ್ಟಿ ಅವರೇ. 2024ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ಇನ್ನೇನು ಹತ್ತು ಹನ್ನೊಂದು ದಿನ ಇದೆ ಅನ್ನುವಾಗ ಟ್ರಂಪ್ ಹೋಗಿ ಪಾಡ್‌ಕಾಸ್ಟ್ ಮಾಡೋ ಜೋ ರೋಗನ್ ಎದುರು ಹತ್ತಿರ ಹತ್ತಿರ ಮೂರು ಗಂಟೆ ಕೂತರು. 2025ರ ಜನವರಿಯಲ್ಲಿ ನಮ್ಮ ಪ್ರಧಾನಿ ನಿಖಿಲ್ ಕಾಮತ್ ಜೊತೆ, ಮಾರ್ಚ್‌ನಲ್ಲಿ ಲೆಕ್ಸ್ ಫ್ರಿಡ್‌ಮನ್ ಜೊತೆ ಮೂರು ಗಂಟೆಗೂ ಜಾಸ್ತಿ. ಮೇಲಿನವರು ಮಾಡಿದ ಮೇಲೆ ಎಂಎಲ್‌ಎ ಬಿಡ್ತಾರಾ? ಇನ್ನು ಗ್ರಾಮ ಪಂಚಾಯ್ತಿ ಮೆಂಬರೂ ಎರಡು ಮೈಕು, ಒಂದು ಪ್ಲಾಸ್ಟಿಕ್ ಗಿಡ ಇಟ್ಕೊಂಡು ಕೂರ್ತಾರೆ ನೋಡ್ತಿರಿ.

ಒಂಟಿಕೊಪ್ಪಲ್_ತಾತ
ನಾಯಕರು ಮೈಕಿನ ಮುಂದೆ ಕೂತು ಮನೆಯವರ ಥರ ಮಾತಾಡೋದು ಹಳೇ ವಿದ್ಯೆ ಕಣ್ರಪ್ಪ. ಅಮೆರಿಕದಲ್ಲಿ ರೂಸ್‌ವೆಲ್ಟ್ 1933ರ ಮಾರ್ಚ್‌ನಲ್ಲಿ ರೇಡಿಯೋದಲ್ಲಿ ಶುರು ಮಾಡಿದರು. ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ್ದ ಹೊತ್ತು. ಜನ ಹೆದರಿ ದುಡ್ಡು ತೆಗೆಯೋಕೆ ಸಾಲು ನಿಂತಿದ್ದರು. ಬ್ಯಾಂಕು ಅಂದರೆ ಏನು, ನಿಮ್ಮ ದುಡ್ಡು ಅಲ್ಲಿ ಏನಾಗುತ್ತೆ ಅಂತ ಮನೆಯಲ್ಲಿ ಕೂತು ಹೇಳಿದ ಹಾಗೆ ಹೇಳಿದರು. ಬ್ಯಾಂಕು ತೆರೆದ ಮೇಲೆ ಜನ ದುಡ್ಡು ತಂದು ವಾಪಸ್ ಕಟ್ಟಿದರು.

ಎರಡೇ ವರ್ಷಕ್ಕೆ, 1935ರಲ್ಲಿ, ನಮ್ಮ ಮೈಸೂರಿನಲ್ಲೇ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 30 ವ್ಯಾಟಿನ ರೇಡಿಯೋ ಕೇಂದ್ರ ನಡೆಸಿದರು. ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದಲೇ. ಒಬ್ಬ ಮೇಷ್ಟ್ರು ಮನೆಯಲ್ಲಿ ಕೂತು ಊರಿಗೆಲ್ಲ ಕೇಳಿಸೋ ಹಾಗೆ ಮಾಡಿದ್ದು ಪಾಡ್‌ಕಾಸ್ಟ್ ಅಲ್ಲದೆ ಇನ್ನೇನು?

ಮನ್ ಕಿ ಬಾತ್ 2015ರಲ್ಲಿ ಬಂತಲ್ಲ, ಅದೂ ಇದೇ ಸಾಲಿನದ್ದೇ.

ಮಲ್ಲಿಗೆ_ದಿಂಡು
ತಾತ, ಮನ್ ಕಿ ಬಾತ್ ಶುರುವಾದದ್ದು 2014ರ ಅಕ್ಟೋಬರ್ 3. ವಿಜಯದಶಮಿ ದಿನ. ನಮಗೆ ಜಂಬೂಸವಾರಿ ಗಡಿಬಿಡಿ ಇತ್ತು, ಅದಕ್ಕೇ ನೆನಪಿದೆ. ಆಮೇಲೆ ತಿಂಗಳ ಕೊನೇ ಭಾನುವಾರ 11 ಗಂಟೆಗೆ ಅಂತ ನಿಗದಿಯಾಯಿತು. 2019 ಮತ್ತು 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಕೆಲವು ತಿಂಗಳು ನಿಲ್ಲಿಸಿದ್ದರು.

ಆದರೆ ನೀವು ಹೇಳಿದ ಮೂರೂ ಒಂದೇ ಅಲ್ಲ. ರೂಸ್‌ವೆಲ್ಟ್ ಮಾತಾಡಿದ್ದು ಒಂದು ವಿಷಯದ ಮೇಲೆ, ಜನಕ್ಕೆ ಆವತ್ತು ಬೇಕಾಗಿದ್ದ ವಿಷಯದ ಮೇಲೆ. ಕಿಟ್ಟಿ ಅವರ ಶಾಸಕರು ಮಾತಾಡಿದ್ದು ತಮ್ಮ ಮೇಲೆ.

ಕತ್ತರಿ_ಕೈ
ನಾನು ಇದೇ ಕೆಲಸ ಮಾಡೋನು. ಮೈಸೂರಿನಲ್ಲಿ ಸಣ್ಣ ಸ್ಟುಡಿಯೋ. ಮದುವೆ, ಆಲ್ಬಂ ಸಾಂಗು, ಈಗ ಪಾಡ್‌ಕಾಸ್ಟು. ರಾಜಕಾರಣಿಗಳದ್ದೂ ಮಾಡಿದ್ದೇನೆ. ಯಾರದ್ದು ಅಂತ ಕೇಳಬೇಡಿ, ಬಾಕಿ ಬಿಲ್ ಇನ್ನೂ ಬರಬೇಕು.

ನಿಮ್ಮ ಪ್ರಶ್ನೆ ಎಲ್ಲಿಗೆ ಹೋಗುತ್ತೆ ಅಂತ ಹೇಳ್ತೀನಿ. ಅದು ಗೂಗಲ್ ಫಾರ್ಮಿಗೆ ಬೀಳುತ್ತೆ. ಅಲ್ಲಿಂದ ಒಬ್ಬ ಡಿಗ್ರಿ ಹುಡುಗ ಅದನ್ನು ಎಕ್ಸೆಲ್‌ಗೆ ಇಳಿಸಿ ಪಿಎಗೆ ಕಳಿಸುತ್ತಾನೆ. ಪಿಎ ಅದರಲ್ಲಿ ಚರಂಡಿ, ಖಾತೆ, ವರ್ಗಾವಣೆ, ಬಾಕಿ ಬಿಲ್ಲು, ಈ ಜಾತಿಯ ಪ್ರಶ್ನೆಗಳನ್ನೆಲ್ಲ ತೆಗೆಯುತ್ತಾರೆ. ಉಳಿಯೋದು "ನಿಮ್ಮ ಸ್ಫೂರ್ತಿ ಯಾರು" ಅನ್ನೋದು. ನಿರೂಪಕನ ಕೈಗೆ ಬರೋ ಹೊತ್ತಿಗೆ ಉತ್ತರವೂ ಅದರ ಜೊತೆಗೇ ಬಂದಿರುತ್ತೆ.

ಆದರೆ ಒಂದು ದಿನದ ಕಥೆ ಹೇಳಲೇಬೇಕು. ಒಬ್ಬ ಶಾಸಕರ ರೆಕಾರ್ಡಿಂಗ್. ಎಸಿ ಸದ್ದು ಮೈಕಿಗೆ ಹಿಡಿಯುತ್ತೆ ಅಂತ ಆಫ್ ಮಾಡಿಸಿದ್ದೆ. ಸಾಹೇಬರಿಗೆ ಬೆವರು. ಗಂಜಿ ಹಾಕಿದ ಖಾದಿ ಅಂಗಿ, ಕಾಲರ್ ಮೈಕು ಅದಕ್ಕೆ ಉಜ್ಜಿ ಗರಗರ ಅಂತಿದೆ. ಬಾಲ್ಯದ ಕಥೆ ನಡೀತಿತ್ತು. ಅವರ ಇನ್ನೊಂದು ಫೋನು, ಹಳ್ಳಿಯವರಿಗೆಲ್ಲ ಕೊಟ್ಟಿರೋ ನಂಬರು, ಜೇಬಲ್ಲಿ ಬಾರಿಸಿತು. ಎತ್ತಿ ಸ್ಪೀಕರ್‌ಗೆ ಹಾಕಿಬಿಟ್ಟರು. "ಬುದ್ಧಿ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ನಾಲ್ಕು ದಿನ ಆಯ್ತು, ಬೆಳೆ ಒಣಗ್ತಾ ಅದೆ" ಅಂತ ಆ ಕಡೆಯಿಂದ. ಇವರು ತಕ್ಷಣ, "ಯಾವ ಟಿಸಿ, ಆಲದಮರದ ಹತ್ತಿರದ್ದಾ? ಅದು 63 ಕೆವಿಎ ಅಲ್ವಾ? ಎಷ್ಟು ಮೋಟ್ರು ಸೇರಿಸಿದ್ದೀರಿ ಅದಕ್ಕೆ, ನಿಜ ಹೇಳು" ಅಂದರು. ಆ ಮನುಷ್ಯ ತಡವರಿಸಿದ. ಇವರು ನಕ್ಕು, ಅಲ್ಲಿಂದಲೇ ಎಂಜಿನಿಯರ್‌ಗೆ ಫೋನ್ ಹಾಕಿ, 100 ಕೆವಿಎ ಹಾಕಿಸೋಕೆ ಏನು ಅಡ್ಡಿ, ಎಸ್ಟಿಮೇಟ್ ಎಲ್ಲಿ ನಿಂತಿದೆ, ಎಲ್ಲ ಕೇಳಿ ಮುಗಿಸಿದರು. ಐದು ನಿಮಿಷ ಇರಬಹುದು. ಮೈಕು, ಬೆವರು, ಕ್ಯಾಮೆರಾ ಯಾವುದೂ ಅವರಿಗೆ ನೆನಪಿರಲಿಲ್ಲ.

ನನ್ನ ಕೆಲಸದಲ್ಲಿ ಅಷ್ಟು ಚೆನ್ನಾಗಿರೋ ಐದು ನಿಮಿಷ ಸಿಕ್ಕಿದ್ದೇ ಕಡಿಮೆ. ರೆಕಾರ್ಡಿಂಗ್ ಮುಗಿದ ಮೇಲೆ ಪಿಎ ಬಂದು, "ಅದು ತೆಗೆದುಬಿಡಿ" ಅಂದರು. ಯಾಕೆ ಸಾರ್ ಅಂದೆ. "ಅವನಿಗೆ ಮಾಡಿಸಿಕೊಟ್ರಿ, ನಮಗ್ಯಾಕೆ ಇಲ್ಲ ಅಂತ ನಾಳೆ ಇನ್ನೂರು ಜನ ಬರ್ತಾರೆ" ಅಂದರು. ತೆಗೆದೆ. ನಾಲೆಯಲ್ಲಿ ಈಜಿದ್ದು ಉಳಿಯಿತು.

ಸಂತೆಪೇಟೆ_ಸೀನ
ನಾಲೆಯಲ್ಲಿ ಈಜಿದ್ದು? ಕತ್ತರಿ ಅಣ್ಣ, ಇದು ಕಿಟ್ಟಿ ಅವರ ಶಾಸಕರೇ ಅಲ್ವಾ 😄

ಕತ್ತರಿ_ಕೈ
ಮಂಡ್ಯ ಮೈಸೂರಲ್ಲಿ ನಾಲೆಯಲ್ಲಿ ಈಜದೇ ಇರೋ ಶಾಸಕರನ್ನು ತೋರಿಸಿ, ಆಮೇಲೆ ಮಾತಾಡೋಣ.

ಸಾಹೇಬ್ರ_ಹುಡುಗ
ಏನ್ರೀ ಇದು, ಮಾಡಿದರೂ ತಪ್ಪು ಮಾಡದಿದ್ದರೂ ತಪ್ಪು. ಮೊದಲು ಶಾಸಕರು ಕೈಗೆ ಸಿಗಲ್ಲ ಅಂತಿದ್ರಿ. ಈಗ ಒಂದೂವರೆ ಗಂಟೆ ನಿಮ್ಮ ಮನೆಯೊಳಗೇ ಬಂದು ಕೂತರೆ ಅದಕ್ಕೂ ಕೊಂಕು. ನಾನು ಒಬ್ಬ ಕಾರ್ಯಕರ್ತ, ಮುಚ್ಚಿಡಲ್ಲ. ಟಿವಿಯವರು ನಮ್ಮ ಸಾಹೇಬರ ಇಪ್ಪತ್ತು ನಿಮಿಷದ ಮಾತಿನಲ್ಲಿ ಎಂಟು ಸೆಕೆಂಡ್ ತೆಗೆದು ಇಡೀ ದಿನ ತಿರುಗಿಸುತ್ತಾರೆ. ಆ ಎಂಟು ಸೆಕೆಂಡ್ ಯಾಕೆ ಬಂತು, ಮುಂಚೆ ಏನು ಹೇಳಿದರು ಅಂತ ಯಾರೂ ಹಾಕಲ್ಲ. ಪಾಡ್‌ಕಾಸ್ಟಿನಲ್ಲಿ ಪೂರ್ತಿ ಹೇಳಬಹುದು. ಅದು ಅವರ ಹಕ್ಕು.

2019ರಲ್ಲಿ ಮಂಡ್ಯ ಚುನಾವಣೆ ಹೊತ್ತಿಗೆ "ನಿಖಿಲ್ ಎಲ್ಲಿದ್ದೀಯಪ್ಪ" ಅನ್ನೋ ತುಣುಕು ಏನಾಯ್ತು ಗೊತ್ತಲ್ವಾ? ಎಲ್ಲೋ ಒಂದು ಕಾರ್ಯಕ್ರಮದಲ್ಲಿ ಕುಮಾರಸ್ವಾಮಿಯವರು ಮಗನನ್ನು ಕರೆದ ಮಾತು. ರಾಜ್ಯವೆಲ್ಲ ಓಡಾಡಿತು. ಅದನ್ನು ನೋಡಿದ ಯಾವ ಪಿಎ ತಾನೇ ಕತ್ತರಿ ಕೈಲಿ ಹಿಡಿಯಲ್ಲ ಹೇಳಿ.

ಮಲ್ಲಿಗೆ_ದಿಂಡು
ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಪೂರ್ತಿ ಮಾತು ಪೂರ್ತಿ ಕೇಳಿಸಬೇಕು, ನಿಜ. ಹಾಗಾದರೆ ಆ ಸಂಚಿಕೆಯ ಕೆಳಗೆ ಕಾಮೆಂಟ್ ಯಾಕೆ ಬಂದ್ ಮಾಡಿದ್ದೀರಿ? ನಮ್ಮ ಮನೆಯೊಳಗೆ ಬಂದು ಕೂತಿದ್ದಾರೆ ಅಂತೀರಿ. ಬಂದು ಕೂತವರು ನಾವು ಬಾಯಿ ತೆರೆದರೆ ಕಿವಿ ಮುಚ್ಚಿಕೊಳ್ತಾರಾ?

ಸಾಹೇಬ್ರ_ಹುಡುಗ
ಕಾಮೆಂಟ್ ತೆರೆದರೆ ಏನು ಬರುತ್ತೆ ಅಂತ ನಿಮಗೆ ಗೊತ್ತಿಲ್ವಾ ಮೇಡಂ. ಹೆತ್ತವರನ್ನೂ ಬಿಡಲ್ಲ.

ಕಾನೂನು_ಕಟ್ಟೆ
2020ರ ಆಗಸ್ಟ್ 30ರ ಮನ್ ಕಿ ಬಾತ್ ನೆನಪಿಸಿಕೊಳ್ಳಿ. ಜೆಇಇ, ನೀಟ್ ಪರೀಕ್ಷೆ ಮುಂದೂಡಿ ಅಂತ ಮಕ್ಕಳು ಕೂಗುತ್ತಿದ್ದ ಹೊತ್ತು. ಪ್ರಧಾನಿ ಅವತ್ತು ಆಟಿಕೆ, ದೇಸಿ ನಾಯಿ ತಳಿ ಬಗ್ಗೆ ಮಾತಾಡಿದರು. ಯೂಟ್ಯೂಬಿನಲ್ಲಿ ಡಿಸ್‌ಲೈಕ್ ಸುರಿಮಳೆ. ಬೈಗುಳ ಏನಿಲ್ಲ, ಒಂದು ಬಟನ್ ಅಷ್ಟೇ. ಹೇಳಬೇಕಾದದ್ದನ್ನು ಹೇಳಿದರು. ಮರುವರ್ಷ ನವೆಂಬರ್‌ನಲ್ಲಿ ಯೂಟ್ಯೂಬ್ ಆ ಲೆಕ್ಕವನ್ನೇ ಎಲ್ಲರಿಗೂ ಕಾಣದ ಹಾಗೆ ಮಾಡಿತು. ಅದು ಜಗತ್ತಿಗೆಲ್ಲ ಒಂದೇ ನಿಯಮ, ಇದಕ್ಕೇ ಮಾಡಿದ್ದು ಅಂತ ನಾನು ಹೇಳ್ತಿಲ್ಲ. ಆದರೆ ಕೇಳುಗನ ಕೈಯಲ್ಲಿದ್ದ ಒಂದು ಬಟನ್ನಿನ ಬಲವೂ ಹೋಯ್ತು.

ಉಪ್ಸಾರು_ಮುದ್ದೆ
ದೇಸಿ ನಾಯಿ ಅಂದಾಗ ಮುಧೋಳ ನಾಯಿ ಹೆಸರು ಹೇಳಿದ್ದರು. ಅದಕ್ಕೆ ನಾನು ಲೈಕ್ ಒತ್ತಿದ್ದೆ.

ನಾಲೆ_ಬಯಲು
ಮಂಡ್ಯ ಕಡೆಯವನು. ಕಬ್ಬು, ಭತ್ತ. ನೀವೆಲ್ಲ ಒಂದು ವಿಷಯ ಬಿಟ್ಟಿದ್ದೀರಿ. ಇದನ್ನು ಕೇಳೋರು ಯಾರು ಅಂತ.

ನಾನು ಕೇಳುತ್ತೇನೆ. ನಮಗೆ ಮೋಟ್ರಿಗೆ ತ್ರೀ ಫೇಸ್ ಕರೆಂಟು ಬರೋದು ಸುಮಾರು ಸಲ ರಾತ್ರಿ ಹೊತ್ತು. ನೀರು ಬಿಟ್ಟು ಒಂದು ಸಾಲು ತುಂಬುವವರೆಗೆ ಬದುವಿನ ಮೇಲೆ ಕೂತಿರಬೇಕು. ಹಾವಿನ ಭಯಕ್ಕೆ ಟಾರ್ಚು, ನಿದ್ದೆ ಬರಬಾರದು ಅಂತ ಕಿವಿಗೆ ಏನಾದರೂ. ಹಾಡು ಎಷ್ಟು ಅಂತ ಕೇಳೋದು. ಮಾತು ಆದರೆ ಹೊತ್ತು ಹೋಗುತ್ತೆ. ಕೈ ಎರಡೂ ಗುದ್ದಲಿ ಮೇಲಿರುತ್ತೆ, ಫೋನು ಜೇಬಲ್ಲಿರುತ್ತೆ. ಇದಕ್ಕೆ ಪಾಡ್‌ಕಾಸ್ಟ್‌ನಂಥದ್ದು ಇನ್ನೊಂದಿಲ್ಲ.

ಆದರೆ ಈ ಸಾಹೇಬರುಗಳೆಲ್ಲ ಹಾಕೋದು ಯೂಟ್ಯೂಬ್ ವಿಡಿಯೋ. ಫೋನ್ ಸ್ಕ್ರೀನ್ ಆಫ್ ಮಾಡಿದರೆ ನಿಂತು ಹೋಗುತ್ತೆ. ನಿಲ್ಲಬಾರದು ಅಂದರೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಬರೀ ಆಡಿಯೋ ಫೈಲು ಹಾಕಿದರೆ ಎಷ್ಟು ಡೇಟಾ ಬೇಕು, ತಿಳಿದವರು ಹೇಳಿ.

ಇನ್ನೊಂದು. ನಮಗೆ ಅವರ ತಾಯಿ ಉಪ್ಸಾರು ಬೇಡ. ನಾಲೆಗೆ ನೀರು ಯಾವತ್ತು ಬಿಡ್ತಾರೆ, ಎಷ್ಟು ದಿನ ಬಿಡ್ತಾರೆ, ಭತ್ತ ಹಾಕಬಹುದಾ ಅಥವಾ ಅರೆ ನೀರಾವರಿ ಬೆಳೆ ಅಂತ ಆದೇಶ ಬರುತ್ತಾ. ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ಇದೆ ಅಂತ ಪೇಪರಿನಲ್ಲಿ ದಿನಾ ಬರುತ್ತೆ, ಸರಿ. 124.80 ಅಡಿ ತುಂಬಿದರೆ ಬಾಗಿನ ಬಿಡ್ತಾರೆ, ಅದನ್ನು ಎಲ್ಲ ಚಾನೆಲ್ಲೂ ತೋರಿಸುತ್ತೆ. ಅದರಲ್ಲಿ ನಮ್ಮ ಕೊನೇ ಭಾಗದ ಗದ್ದೆಗೆ ಎಷ್ಟು ಅನ್ನೋದನ್ನು ಯಾರೂ ಹೇಳಲ್ಲ. ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ನಮ್ಮ ಶಾಸಕರೂ ಕೂತಿರುತ್ತಾರೆ. ಸಭೆ ಮುಗಿದ ರಾತ್ರಿ ಹತ್ತು ನಿಮಿಷ, ಒಳಗೆ ಏನಾಯ್ತು ಅಂತ ಸುಮ್ನೆ ಹೇಳಿ ಹಾಕಲಿ. ಮೈಕು ಗಿಡ ಏನೂ ಬೇಡ. ಸಾವಿರ ಜನ ಬದುವಿನ ಮೇಲೆ ಕೂತು ಕೇಳ್ತಾರೆ.

ಕತ್ತರಿ_ಕೈ
ನಾಲೆ_ಬಯಲು ಅಣ್ಣ, ಮಾತಿಗೆ 64 ಕೆಬಿಪಿಎಸ್ ಸಾಕು. ಒಂದು ಗಂಟೆಗೆ 29 ಎಂಬಿ ಹತ್ತಿರ ಬರುತ್ತೆ. ವಿಡಿಯೋ ಆದರೆ ಅದರ ಎಷ್ಟೋ ಪಟ್ಟು. ನಾನು ಪ್ರತಿ ಸಲ ಹೇಳ್ತೀನಿ, ಆಡಿಯೋನೂ ಬೇರೆ ಹಾಕಿ ಅಂತ. "ಮುಖ ಕಾಣಲ್ವಲ್ಲಪ್ಪ" ಅಂತಾರೆ. ಅವರಿಗೆ ಬೇಕಾಗಿರೋದು ಒಂದು ನಿಮಿಷದ ರೀಲ್ಸು. ಒಂದೂವರೆ ಗಂಟೆ ರೆಕಾರ್ಡ್ ಮಾಡೋದೇ ಅದರಲ್ಲಿ ಹತ್ತು ರೀಲ್ಸ್ ತೆಗೆಯೋಕೆ. ಪೂರ್ತಿ ಸಂಚಿಕೆ ಕೇಳೋರು ನಿಮ್ಮಂಥ ಕೆಲವರು, ಮತ್ತೆ ಎದುರು ಪಕ್ಷದವರು.

ಸಂತೆಪೇಟೆ_ಸೀನ
ಎದುರು ಪಕ್ಷದವರು ನೋಟ್ಸ್ ಬರ್ಕೊಂಡು ಕೇಳ್ತಾರೆ. ನಮಗಿಂತ ಶ್ರದ್ಧೆ.

ಬಾನುಲಿ_ಅಭಿಮಾನಿ
ಇದೆಲ್ಲ ಎಫ್‌ಎಂ ರೇಡಿಯೋದಲ್ಲೇ ಮಾಡಬಹುದಿತ್ತಲ್ಲ ಅಂತ ಯಾರಾದರೂ ಕೇಳೋ ಮುಂಚೆ ಹೇಳಿಬಿಡ್ತೀನಿ, ಆಗಲ್ಲ. ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಹಾಕುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಮರುಪ್ರಸಾರ ಮಾಡಬಹುದು. ಸಮುದಾಯ ಬಾನುಲಿಗೂ 2006ರ ನೀತಿಯಿಂದಲೂ ರಾಜಕೀಯ ಕಾರ್ಯಕ್ರಮ ಬೇಡ ಅಂತಿದೆ. ಸರಗೂರಿನ ಜನಧ್ವನಿ, 90.8, ಕಾಡಂಚಿನ ಬುಡಕಟ್ಟು ಹಾಡಿಗಳಿಗೂ ಕೇಳಿಸುತ್ತೆ. ಅಲ್ಲಿ ಆರೋಗ್ಯ, ಕೃಷಿ, ಹಾಡು ಎಲ್ಲ ಬರಬಹುದು. ಶಾಸಕರನ್ನು ಕೂರಿಸಿ ರಾಜಕೀಯದ ಪ್ರಶ್ನೆ ಕೇಳೋದಕ್ಕೆ ದಾರಿ ಇಲ್ಲ. ಇಂಟರ್‌ನೆಟ್ಟಿಗೆ ಆ ತಡೆ ಇಲ್ಲ, ಅದಕ್ಕೇ ಎಲ್ಲರೂ ಈ ಕಡೆ ಬಂದದ್ದು.

ಒಂಟಿಕೊಪ್ಪಲ್_ತಾತ
ಮಾತುಕತೆ ಅಂದರೆ ಏನು ಅಂತ ಮೈಸೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಲ 144 ಜನ. ದಸರಾ ಹೊತ್ತಿಗೆ ಊರೂರಿಂದ ಬಂದು ಸೇರುತ್ತಿದ್ದರು. ಕಾನೂನು ಮಾಡೋ ಅಧಿಕಾರ ಇರಲಿಲ್ಲ. ಕಷ್ಟ ಹೇಳೋದು, ದಿವಾನರು ಉತ್ತರ ಕೊಡೋದು. ಆದರೆ ನಡಾವಳಿ ಅಚ್ಚಾಗುತ್ತಿತ್ತು. ಯಾರು ಏನು ಕೇಳಿದರು, ಸರ್ಕಾರ ಏನು ಹೇಳಿತು, ಕಾಗದದ ಮೇಲೆ ಉಳಿಯುತ್ತಿತ್ತು. ಮುಂದಿನ ವರ್ಷ ಬಂದು "ಹೋದ ಸಲ ಹೀಗೆ ಹೇಳಿದ್ರಿ" ಅನ್ನಬಹುದಿತ್ತು. ನಿಮ್ಮ ಪಾಡ್‌ಕಾಸ್ಟಿನಲ್ಲಿ ಉತ್ತರ ಇದೆ, ಕೇಳಿದವನ ದನಿಯೇ ಇಲ್ಲ.

ನಾಲೆ_ಬಯಲು
ತಾತ, ಆ 144 ಜನದಲ್ಲಿ ನಮ್ಮ ಮುತ್ತಾತ ಇರಲಿಲ್ಲ ಬಿಡಿ. ಜಮೀನ್ದಾರರು, ವರ್ತಕರು ಇದ್ದರು. ಗೇಣಿ ಮಾಡೋನು, ಕೂಲಿಯವನು ಹೊರಗೆ ನಿಂತು ಜಂಬೂಸವಾರಿ ನೋಡಿ ಊರಿಗೆ ಹೋಗ್ತಿದ್ದ.

ಮಲ್ಲಿಗೆ_ದಿಂಡು
ಹೆಂಗಸರಂತೂ ಕೇಳಲೇಬೇಡಿ.

ಒಂಟಿಕೊಪ್ಪಲ್_ತಾತ
ಸರಿ ಕಣಮ್ಮ, ಸರಿ ಕಣಪ್ಪ. ಆದರೂ ಬರೆದಿಡುತ್ತಿದ್ದರು ಅನ್ನೋ ಮಾತನ್ನು ನಾನು ಬಿಡಲ್ಲ.

ಅಕ್ಷರ_ಪ್ರೇಮಿ
ಎಲ್ಲರೂ ಪಾಡ್‌ಕಾಸ್ಟ್ ಹಿಂದೆ ಬಿದ್ದಿದ್ದೀರಿ. ಬ್ಲಾಗಿನ ಬಗ್ಗೆ ಯಾರಾದರೂ ಮಾತಾಡಿ. ನನಗೆ ಬ್ಲಾಗೇ ಇಷ್ಟ. ಬರೆದದ್ದನ್ನು ಹುಡುಕಬಹುದು. ಒಂದೂವರೆ ಗಂಟೆಯ ಆಡಿಯೋದಲ್ಲಿ "ಯುಜಿಡಿ" ಎಲ್ಲಿದೆ ಅಂತ ಹೇಗೆ ಹುಡುಕ್ತೀರಿ?

ಅಡ್ವಾಣಿಯವರು 2009ರ ಚುನಾವಣೆಗೆ ಮುಂಚೆ ಬ್ಲಾಗ್ ಶುರು ಮಾಡಿದಾಗ ಅವರಿಗೆ ಎಂಬತ್ತು ದಾಟಿತ್ತು. ಪಕ್ಷ ಚುನಾವಣೆ ಸೋತಿತು, ಅವರು ಬರೆಯೋದು ಬಿಡಲಿಲ್ಲ. 2012ರ ಆಗಸ್ಟ್‌ನಲ್ಲಿ, 2014ರಲ್ಲಿ ಕಾಂಗ್ರೆಸ್ಸೂ ಅಲ್ಲದ ಬಿಜೆಪಿಯೂ ಅಲ್ಲದ ಪ್ರಧಾನಿ ಬರಬಹುದು ಅಂತ ಬರೆದು ಅವರ ಪಕ್ಷದವರೇ ತಲೆ ಮೇಲೆ ಕೈ ಹೊತ್ತರು. ಆ ಲೆಕ್ಕ ಸುಳ್ಳಾಯಿತು, ಅದು ಬೇರೆ. 2019ರ ಏಪ್ರಿಲ್ 4ರಂದು, ಟಿಕೆಟ್ ಸಿಗದ ಮೇಲೆ, ರಾಜಕೀಯವಾಗಿ ಒಪ್ಪದವರನ್ನು ನಮ್ಮ ಪಕ್ಷ ಯಾವತ್ತೂ ದೇಶದ್ರೋಹಿಗಳು ಅಂತ ನೋಡಿಲ್ಲ ಅನ್ನೋ ಅರ್ಥದಲ್ಲಿ ಬರೆದರು. ಟಿವಿಗೆ ಕೂತಿದ್ದರೆ ಅಷ್ಟು ನಿಧಾನವಾಗಿ ಹೇಳೋಕೆ ಯಾರಾದರೂ ಬಿಡ್ತಿದ್ದರಾ? ತಾನೇ ಕೂತು ಬರೆದದ್ದಕ್ಕೆ ಆ ತೂಕ.

ನಮ್ಮವರ ಬ್ಲಾಗ್ ನೋಡಿದೆ. ಹಬ್ಬದ ಶುಭಾಶಯ, ಗುದ್ದಲಿ ಪೂಜೆ ಫೋಟೋ, ಇನ್ನೊಂದು ಹಬ್ಬದ ಶುಭಾಶಯ.

ಸಾಹೇಬ್ರ_ಹುಡುಗ
ಅಡ್ವಾಣಿ ಅವರಿಗೆ ಪುರುಸೊತ್ತಿತ್ತು ಸ್ವಾಮಿ. ನಮ್ಮ ಸಾಹೇಬರು ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಅರವತ್ತು ಜನ ನಿಂತಿರ್ತಾರೆ. ಮದುವೆ, ನಾಮಕರಣ, ಸಾವಿನ ಮನೆ, ಬೀಗರೂಟ. ದಿನಕ್ಕೆ ಹತ್ತು ಕಡೆ ಹೋಗದಿದ್ದರೆ "ಗೆದ್ದ ಮೇಲೆ ಮುಖ ತೋರಿಸಲಿಲ್ಲ" ಅಂತೀರಿ. ಬ್ಲಾಗ್ ಬರೆಯೋಕೆ ಕೂತರೆ ಅವರನ್ನು ಯಾರೂ ಗೆಲ್ಲಿಸಲ್ಲ.

ಅಕ್ಷರ_ಪ್ರೇಮಿ
ಜರ್ಮನಿಯ ಮರ್ಕೆಲ್ 2006ರಿಂದಲೇ ವಾರಕ್ಕೊಂದು ವಿಡಿಯೋ ಪಾಡ್‌ಕಾಸ್ಟ್ ಹಾಕುತ್ತಿದ್ದರು. ದೇಶ ನಡೆಸೋರಿಗೆ ಕೆಲವು ನಿಮಿಷ ಸಿಕ್ಕಿತ್ತು.

ಸಾಹೇಬ್ರ_ಹುಡುಗ
ಮರ್ಕೆಲ್‌ಗೆ ಬೀಗರೂಟ ಇರಲಿಲ್ಲ.

ಉಪ್ಸಾರು_ಮುದ್ದೆ
ಈ ಥ್ರೆಡ್‌ನ ಅತ್ಯುತ್ತಮ ಸಾಲು ಸಿಕ್ತು. ನಾನಿನ್ನು ಮಲಗ್ತೀನಿ.

ರಿಂಗ್_ರೋಡ್_ರಾಣಿ
ಬೀಗರೂಟ ಅಂದಿದ್ದಕ್ಕೆ ಕೇಳ್ತೀನಿ, ಈಗ ಮದ್ದೂರು ಕಡೆ ಬೀಗರೂಟಕ್ಕೆ ಸ್ಕೂಟರಿನಲ್ಲಿ ಹೋಗೋರು ಯಾವ ದಾರಿ ಹಿಡೀತೀರಿ? ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕು ಆಟೋ ಬಿಡಲ್ಲ. ಸರ್ವಿಸ್ ರಸ್ತೆ ಕೆಲವು ಕಡೆ ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲ್ಲ. ಇದರ ಬಗ್ಗೆ ಯಾರ ಪಾಡ್‌ಕಾಸ್ಟಿನಲ್ಲೂ ಒಂದು ಮಾತಿಲ್ಲ.

ಸಂತೆಪೇಟೆ_ಸೀನ
ಅವರೆಲ್ಲ ಕಾರಿನಲ್ಲಿ ಮೇಲಿಂದಲೇ ಹೋಗ್ತಾರೆ ಮೇಡಂ. ಕೆಳಗಿನ ರಸ್ತೆ ಕಾಣಲ್ಲ.

ನಿರ್ವಾಹಕ
ರಸ್ತೆಗೆ ಬೇರೆ ಥ್ರೆಡ್ ಇದೆ, ಅಲ್ಲಿ ಈಗಾಗಲೇ ನೂರಾರು ಉತ್ತರ ಬಿದ್ದಿವೆ. ದಯವಿಟ್ಟು ವಿಷಯಕ್ಕೆ ಬನ್ನಿ. ಇಬ್ಬರ ಕಾಮೆಂಟ್ ತೆಗೆದಿದ್ದೇನೆ. ಪಕ್ಷದ ಹೆಸರು ಬರಲಿ, ತಪ್ಪಿಲ್ಲ. ಮನೆಯವರ ಹೆಸರು ಬೇಡ.

ಕಾನೂನು_ಕಟ್ಟೆ
ವಿಷಯಕ್ಕೆ ಬರ್ತೀನಿ. ಕಿಟ್ಟಿ ಅವರೇ, ನಿಮ್ಮ ಯುಜಿಡಿ ಪ್ರಶ್ನೆ ಶಾಸಕರ ಪಾಡ್‌ಕಾಸ್ಟಿಗೆ ಹೋದದ್ದೇ ಒಂದು ರೋಗದ ಲಕ್ಷಣ. ಅದು ಕಾರ್ಪೊರೇಟರ್‌ಗೆ ಕೇಳೋ ಪ್ರಶ್ನೆ. ಮೈಸೂರು ಪಾಲಿಕೆಗೆ ಚುನಾವಣೆ ಆದದ್ದು 2018ರ ಆಗಸ್ಟ್‌ನಲ್ಲಿ. 2023ರ ನವೆಂಬರ್‌ಗೆ ಅವಧಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳದ್ದು 2021ರಲ್ಲೇ ಮುಗಿದಿತ್ತು. ಬೀದಿಯಲ್ಲಿ ಅಡ್ಡ ಹಾಕಿ ಕೇಳೋಕೆ ಸಿಗುತ್ತಿದ್ದವರು ಇಲ್ಲ. ಎಲ್ಲ ಪ್ರಶ್ನೆ ಹೋಗಿ ಒಬ್ಬರ ಗೂಗಲ್ ಫಾರ್ಮಿನಲ್ಲಿ ಗುಡ್ಡೆ ಬಿದ್ದರೆ ಪಿಎ ಮಾಡೋದೂ ಅದೇ, ಕತ್ತರಿಸೋದು.

ಇನ್ನೊಂದು ಯಾರೂ ಕೇಳಿಲ್ಲ, ದುಡ್ಡು. ಚುನಾವಣೆ ಘೋಷಣೆ ಆದ ಮೇಲೆ ಇದರ ಲೆಕ್ಕ ಹೇಗೆ? ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲೇ ಸೂಚನೆ ಕೊಟ್ಟಿದೆ. ಅಭ್ಯರ್ಥಿ ತನ್ನ ಸಾಮಾಜಿಕ ಜಾಲತಾಣದ ಖಾತೆಗಳನ್ನು ಅಫಿಡವಿಟ್‌ನಲ್ಲಿ ತಿಳಿಸಬೇಕು. ಇಂಟರ್‌ನೆಟ್ ಪ್ರಚಾರಕ್ಕೆ ಕೊಟ್ಟ ದುಡ್ಡು, ವಿಡಿಯೋ ಗಿಡಿಯೋ ತಯಾರಿಸಿದ ಖರ್ಚು, ಆ ಹುಡುಗರ ಸಂಬಳ, ಎಲ್ಲ ಖರ್ಚಿನ ಲೆಕ್ಕಕ್ಕೆ ಬರಬೇಕು. ವಿಧಾನಸಭೆಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಜಾಹೀರಾತು ಆದರೆ ಮೊದಲೇ ಒಪ್ಪಿಗೆ ಪಡೀಬೇಕು. ಆದರೆ ಸ್ವಂತ ಬ್ಲಾಗ್, ಸ್ವಂತ ಖಾತೆಯಲ್ಲಿ ಹಾಕಿದ ಬರಹ, ವಿಡಿಯೋಗಳನ್ನು ಜಾಹೀರಾತು ಅಂತ ನೋಡಲ್ಲ, ಒಪ್ಪಿಗೆ ಬೇಕಿಲ್ಲ. ಅದಕ್ಕೇ ಎಲ್ಲರಿಗೂ ಸ್ವಂತ ಚಾನೆಲ್ ಮೇಲೆ ಪ್ರೀತಿ.

ಮಲ್ಲಿಗೆ_ದಿಂಡು
ಹಾಗಾದರೆ ಬೇರೆ ಯಾರದ್ದೋ ಚಾನೆಲ್ಲಿಗೆ ಅತಿಥಿ ಆಗಿ ಹೋದರೆ?

ಕಾನೂನು_ಕಟ್ಟೆ
ದುಡ್ಡು ಕೊಟ್ಟು ಹೋದರೆ ಅದು ಕಾಸಿಗಾಗಿ ಸುದ್ದಿ ಅನ್ನೋ ಲೆಕ್ಕಕ್ಕೆ ಬರಬಹುದು. ಕೊಟ್ಟರು ಅಂತ ತೋರಿಸೋದು ಹೇಗೆ ಅನ್ನೋದೇ ಕಷ್ಟ.

ಕತ್ತರಿ_ಕೈ
😶

ಸಂತೆಪೇಟೆ_ಸೀನ
ಕತ್ತರಿ ಅಣ್ಣನಿಗೆ ಏನೋ ಗೊತ್ತಿದೆ. ಬಾಕಿ ಬಿಲ್ ಬರಲಿ, ಆಮೇಲೆ ಹೇಳ್ತಾರೆ.

ಅಕ್ಷರ_ಪ್ರೇಮಿ
ಮತದಾನಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕಲ್ವಾ. ಹಳೇ ಸಂಚಿಕೆಗಳು ಯೂಟ್ಯೂಬಿನಲ್ಲಿ ಹಾಗೇ ಇರುತ್ತಲ್ಲ?

ಕಾನೂನು_ಕಟ್ಟೆ
ಒಳ್ಳೇ ಪ್ರಶ್ನೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್. ಅದರಲ್ಲಿ ಇರೋದು ಸಿನಿಮಾ, ಟಿವಿ ಅಥವಾ ಅಂಥದ್ದೇ ಸಾಧನ ಅಂತ. ಟಿವಿಯಲ್ಲಿ ಒಮ್ಮೆ ಬಂದು ಹೋಗುತ್ತೆ. ಪಾಡ್‌ಕಾಸ್ಟ್ ಬಂದ ಮೇಲೆ ಹೋಗೋದೇ ಇಲ್ಲ. ಇಂಟರ್‌ನೆಟ್ ಯಾರ ಮನೆಯಲ್ಲೂ ಇಲ್ಲದ ಕಾಲದ ಮಾತಿನಲ್ಲಿ ಇವತ್ತಿನ ಫೋನನ್ನು ಅಳೀತಿದ್ದೇವೆ.

ಸಾಹೇಬ್ರ_ಹುಡುಗ
ಎಲ್ಲ ಓದಿದೆ. ಬೇಜಾರಿಲ್ಲ. ಕತ್ತರಿ ಅಣ್ಣ ಹೇಳಿದ ಟಿಸಿ ಕಥೆ ನಮ್ಮ ಸಾಹೇಬರದ್ದೋ ಅಲ್ವೋ ಗೊತ್ತಿಲ್ಲ, ಆದರೆ ಅಂಥದ್ದು ದಿನಾ ನಡೆಯುತ್ತೆ, ಅದು ನನಗೆ ಗೊತ್ತು. ಪಿಎ ಹೆದರಿದ್ದೂ ಸುಳ್ಳಲ್ಲ. ಒಬ್ಬರಿಗೆ ಮಾಡಿಕೊಟ್ಟದ್ದು ಕಂಡರೆ ನೂರು ಜನ ಬರ್ತಾರೆ.

ನಾಲೆ_ಬಯಲು
ಬರಲಿ ಬಿಡಿ ತಮ್ಮ. ಬಂದ ನೂರು ಜನಕ್ಕೆ "ನಿಮ್ಮೂರಿನ ಎಸ್ಟಿಮೇಟ್ ಇಲ್ಲಿ ನಿಂತಿದೆ, ಈ ಕಾರಣಕ್ಕೆ ನಿಂತಿದೆ" ಅಂತ ಹೇಳಿದರೆ ತೊಂಬತ್ತು ಜನ ವಾಪಸ್ ಹೋಗ್ತಾರೆ. ನಮಗೆ ಸಿಟ್ಟು ಬರೋದು ಕೆಲಸ ಆಗಲಿಲ್ಲ ಅಂತಲ್ಲ. ಎಲ್ಲಿ ನಿಂತಿದೆ ಅಂತ ಗೊತ್ತಾಗದೆ. ಟಿಸಿಗೆ ಜಾಸ್ತಿ ಮೋಟ್ರು ಸೇರಿಸಿದ್ದು ನಾವೇ ಅಂತ ಎಲ್ಲರ ಮುಂದೆ ಹೇಳಿದರೂ ಸರಿ. ಬೈದರೂ ಕೇಳಿಸಿಕೊಳ್ತೀವಿ, ಉತ್ತರ ಇದ್ದರೆ.

ಕಿಟ್ಟಿ_ಮೈಸೂರು
ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಸಾಹೇಬ್ರ_ಹುಡುಗ ಅವರೇ, ಒಂದು ಕೇಳ್ತೀನಿ. ತಿಂಗಳಿಗೊಂದು ಸಂಚಿಕೆ ಸ್ಟುಡಿಯೋದಲ್ಲಿ ಬೇಡ. ಒಂದು ಊರಿನ ಅರಳಿಕಟ್ಟೆಯಲ್ಲೋ, ಒಂದು ಬಡಾವಣೆಯ ಪಾರ್ಕಿನಲ್ಲೋ ಆಗಲಿ. ಕೇಳೋನ ದನಿ ಅವನದೇ ಇರಲಿ. ಎಡಿಟ್ ಮಾಡಲಿ, ಬೈಗುಳ ತೆಗೆಯಲಿ, ಪ್ರಶ್ನೆ ತೆಗೆಯಬಾರದು. ಮುಂದಿನ ತಿಂಗಳು ಮೊದಲ ಐದು ನಿಮಿಷ, ಹೋದ ಸಲ ಹೇಳಿದ್ದು ಏನಾಯ್ತು ಅಂತ. ನಿಮ್ಮ ಸಾಹೇಬರು ಒಪ್ತಾರಾ?

ಸಾಹೇಬ್ರ_ಹುಡುಗ
ಕೇಳಿ ನೋಡ್ತೀನಿ. ಆ ಮೊದಲ ಐದು ನಿಮಿಷಕ್ಕೆ ಒಪ್ಪಲ್ಲ ಅನ್ಸುತ್ತೆ. ಉಳಿದದ್ದಕ್ಕೆ ಒಪ್ಪಬಹುದು.

ಮಲ್ಲಿಗೆ_ದಿಂಡು
ಆ ಐದು ನಿಮಿಷ ಇಲ್ಲದಿದ್ದರೆ ಉಳಿದದ್ದು ಬೇಡ ಅಂತ ಹೇಳಿ.

ನಾಲೆ_ಬಯಲು
ಅವರು ಒಪ್ಪೋವರೆಗೆ ಕಾಯೋದ್ಯಾಕೆ? ನಮ್ಮೂರಲ್ಲಿ ಮುಂದಿನ ಗ್ರಾಮಸಭೆ ಇದೆ. ಪಿಡಿಒ ಬರ್ತಾರೆ, ಎಂಜಿನಿಯರ್ ಬರ್ತಾರೆ. ನಾವೇ ರೆಕಾರ್ಡ್ ಮಾಡಿ ಹಾಕ್ತೀವಿ. ಕತ್ತರಿ ಅಣ್ಣ, ಫೋನಿನಲ್ಲಿ ಮಾಡಿದರೆ ಸಾಕಾ, ಮೈಕು ಬೇಕಾ? ನಮ್ಮಲ್ಲಿ ಗಾಳಿ ಜಾಸ್ತಿ.

ಕತ್ತರಿ_ಕೈ
ಫೋನು ಸಾಕು, ಆದರೆ ಮಾತಾಡೋರ ಹತ್ತಿರ ಹಿಡೀಬೇಕು, ಮೂಲೆಯಲ್ಲಿ ಇಡಬೇಡಿ. ಕಾಲರ್ ಮೈಕು ಎರಡು ನನ್ನ ಹತ್ತಿರ ಇದೆ, ಒಂದು ದಿನಕ್ಕೆ ಕೊಡ್ತೀನಿ. ಗಾಳಿಗೆ ಮೈಕಿನ ಮೇಲೆ ಸ್ಪಂಜಿನ ಟೋಪಿ ಬರುತ್ತೆ, ಅದೂ ಕೊಡ್ತೀನಿ. ಪಿಡಿಒಗೆ ಮೊದಲೇ ಹೇಳಿ, ಕದ್ದು ರೆಕಾರ್ಡ್ ಮಾಡಬೇಡಿ. ತಾರೀಖು ಯಾವಾಗ?

ನಾಲೆ_ಬಯಲು
ನೋಟಿಸ್ ಹಾಕಿದ ತಕ್ಷಣ ಇಲ್ಲೇ ತಿಳಿಸ್ತೀನಿ. ಕಿಟ್ಟಿ ಅವರೇ, ನೀವೂ ಬನ್ನಿ. ಸ್ಕೂಟರ್ ಆದರೆ ಹಳೇ ದಾರಿ ಹಿಡೀರಿ.